ಹಿಂದಿನ ಕೋಣೆಯಲ್ಲಿ ಅಡಿ ಹಾಕಿದ ಮಾವು

ಕೊಚ್ಚಿಗೆ ಬಂದ ಮೊದಲ ಬೇಸಿಗೆಯಲ್ಲಿ ನಮ್ಮ ಮನೆಗೆ ತಿನ್ನುವಂಥ ಮಾವಿನಹಣ್ಣು ಬರಲೇ ಇಲ್ಲ. ಅಂಗಡಿಗಳಲ್ಲಿ ಹಣ್ಣು ಇರಲಿಲ್ಲವೆಂದಲ್ಲ. ನಾವಿದ್ದದ್ದು ಅಂಬಲಮುಗಳ್‌ನಲ್ಲಿ, ನನ್ನ ಗಂಡನಿಗೆ ಅಲ್ಲಿ ಕೆಲಸ. ಬಸ್ಸಿಳಿಯುವ ಜಾಗದಲ್ಲೇ ಹಣ್ಣಿನ ಗಾಡಿಗಳು ಹಳದಿಯಾಗಿ ಹೊಳೆಯುತ್ತ ನಿಂತಿರುತ್ತಿದ್ದವು. ಆದರೆ ಅವುಗಳಲ್ಲಿ ಒಳ್ಳೆಯ ಹಣ್ಣಿನ ಬೆಲೆ ನಮ್ಮಂಥವರಿಗಲ್ಲ. ನಮ್ಮ ಕೈಗೆ ಎಟುಕುತ್ತಿದ್ದವು ಪುಡಿ ಹಾಕಿ ಅವಸರದಲ್ಲಿ ಬಣ್ಣ ಬರಿಸಿದವು. ಒಂದು ಸಲ ತಂದು ಹೆಚ್ಚಿದೆ. ಹೊರಗೆ ಬಂಗಾರ, ಒಳಗೆ ಓಟೆಯ ಸುತ್ತ ಬೆಳ್ಳಗೆ ಗಟ್ಟಿ. ತಿಂದ ಮೇಲೆ ಮಗಳಿಗೆ ಸಂಜೆಯವರೆಗೂ ಗಂಟಲು ಕೆರೆತ. ಧಾರವಾಡದಲ್ಲಿ ಹುಟ್ಟಿ ಬೆಳೆದವಳು ನಾನು. ಬೇಸಿಗೆಯೆಂದರೆ ನಮ್ಮಲ್ಲಿ ಆಪೂಸು. ಮಾವು ತಿನ್ನದೆ ಒಂದು ಬೇಸಿಗೆ ಕಳೆಯಬಹುದು ಎಂಬುದೇ ನನಗೆ ಹೊಸ ಸಂಗತಿಯಾಗಿತ್ತು.

ಮರುವರ್ಷ ಒಂದು ದಿನ ಒಣಮೆಣಸಿನಕಾಯಿ ಹುಡುಕಿಕೊಂಡು ಮಟ್ಟಾಂಚೇರಿಗೆ ಹೋಗಿದ್ದೆ. ಉಗ್ರಾಣಗಳ ಓಣಿಯಲ್ಲಿ ಪಾಲಕ್ಕಾಡಿನ ಕಡೆಯಿಂದ ಬಂದ ಲಾರಿಯೊಂದರಿಂದ ಹಸಿರು ಮಾವಿನಕಾಯಿ ಇಳಿಸುತ್ತಿದ್ದರು. ಸೊನೆ ಸುರಿದು ಕಪ್ಪು ಕಲೆಯಾದವು, ಗಾತ್ರದಲ್ಲಿ ಸಣ್ಣವು, ಇವನ್ನೆಲ್ಲ ಬೇರೆ ರಾಶಿ ಹಾಕಿದ್ದರು. ನೋಡಲು ಚೆಂದವಿಲ್ಲವೆಂದು ಅಂಗಡಿಯವರು ಅವನ್ನು ಒಯ್ಯುವುದಿಲ್ಲವಂತೆ. ನಾನು ಒಂದನ್ನು ಕೈಗೆತ್ತಿಕೊಂಡು ನೋಡಿದೆ. ತೊಟ್ಟಿನ ಎರಡೂ ಬದಿಯಲ್ಲಿ ಹೆಗಲು ತುಂಬಿ ಬಂದಿತ್ತು. ಬಲಿತ ಕಾಯಿ. ನಮ್ಮ ಅವ್ವ ಇಂಥ ಕಾಯಿ ಕಂಡರೆ ಬಿಡುತ್ತಿರಲಿಲ್ಲ. ಗಾಡಿಯ ಹಣ್ಣಿನ ಬೆಲೆಯ ಎದುರು ಇವು ಪುಕ್ಕಟೆ ಸಿಕ್ಕಂತೆ. ಮೆಣಸಿನಕಾಯಿಗೆಂದು ಒಯ್ದಿದ್ದ ಚೀಲದ ತುಂಬ ತುಂಬಿಸಿಕೊಂಡು ದೋಣಿ ಹತ್ತಿದೆ.

ಅಡಿ ಹಾಕಿ ಹಣ್ಣು ಮಾಡಲು ಹುಲ್ಲು ಎಲ್ಲಿಂದ ತರುವುದು? ಕಾಯಿಗಳನ್ನು ಪತ್ರಿಕೆಯ ಹಾಳೆಗಳಲ್ಲಿ ಸುತ್ತಿ ಅಕ್ಕಿಯ ಡ್ರಮ್ಮಿನಲ್ಲಿ ಹೂತೆ. ಮೊದಲ ಸಲ ಅರ್ಧಕ್ಕರ್ಧ ಕೊಳೆತವು. ಒಂದರ ಮೇಲೊಂದು ಒತ್ತಿಕೊಂಡು ಕೂತ ಕಾಯಿ ಕೂತ ಮಗ್ಗುಲಲ್ಲೇ ಕೆಡುತ್ತದೆ, ದಿನಾ ತಿರುವಿ ಹಾಕಬೇಕು ಎಂಬುದು ಮರೆತೇ ಹೋಗಿತ್ತು. ಎರಡನೆಯ ಸಲ ಡ್ರಮ್ಮು ಬಿಟ್ಟು ಮಂಚದ ಕೆಳಗೆ ಹರಡಿದೆ, ಸರಿಯಾಯಿತು. ಹಣ್ಣು ಚರ್ಮ ಸುಕ್ಕಾಗಿ, ಕಲೆ ಕಲೆಯಾಗಿ, ನೋಡಲು ಮುದುಕಿಯಂತಿದ್ದರೂ ಬಾಯಿಗಿಟ್ಟರೆ ಜೇನು. ಮೈಸೂರಿನವರಾದ ನನ್ನ ಗಂಡ, ರಸಪೂರಿಯನ್ನು ಬಿಟ್ಟು ಬೇರೆ ಯಾವುದನ್ನೂ ಹೊಗಳದವರು, ಕೈ ನೆಕ್ಕಿಕೊಂಡು, "ಇದು ಪರವಾಗಿಲ್ಲ ಕಣೆ" ಎಂದರು. ಅಂದಿನಿಂದ ಕೊಚ್ಚಿಯಲ್ಲಿದ್ದಷ್ಟು ವರ್ಷವೂ ನಮ್ಮ ಮಾವು ಮಂಚದ ಕೆಳಗೆ ಮಾಗಿತು.

ಆಮೇಲೆ ಗಂಡನ ಕೆಲಸ ತಿರುವನಂತಪುರಕ್ಕೆ ಬದಲಾಯಿತು. ತುಂಬಾ ಎಂಬ ಊರಿನ ಹತ್ತಿರ, ಸಮುದ್ರದ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ಹಂಚಿನ ಮನೆ ಬಾಡಿಗೆಗೆ ಸಿಕ್ಕಿತು. ಅಷ್ಟು ಒಳ್ಳೆಯ ಮನೆ ಅಷ್ಟು ಸಲೀಸಾಗಿ ಸಿಕ್ಕಿದ್ದಕ್ಕೆ ನಮಗೆ ಆಶ್ಚರ್ಯವಾಗಿತ್ತು, ಆದರೆ ಯಾಕೆಂದು ಕೇಳಲಿಲ್ಲ. ಮನೆಯ ಹಿಂಗೋಡೆಗೆ ಆತುಕೊಂಡು ತಗ್ಗು ಮಾಡಿನ ಒಂದು ಸಣ್ಣ ಕೋಣೆ ಇತ್ತು. ಚಾಯ್ಪು ಎನ್ನುತ್ತಾರೆ ಇಲ್ಲಿ. ಕಿಟಕಿಯಿಲ್ಲ. ಮಧ್ಯಾಹ್ನವೂ ಒಳಗೆ ಕತ್ತಲು, ಬೆಚ್ಚಗೆ. ಬಾಗಿಲು ತೆರೆದ ಕ್ಷಣವೇ ನನಗೆ ಅನ್ನಿಸಿದ್ದು: ಇಲ್ಲಿ ಅಡಿ ಹಾಕಬಹುದು.

ಆ ಕೋಣೆಯ ಅಟ್ಟದ ಹಲಗೆಯ ಮೇಲೆ ಒಂದು ಗೋಣಿಚೀಲ ಮಡಚಿಟ್ಟಿತ್ತು. ಧೂಳು ಕೊಡವಿ ಬಿಡಿಸಿದರೆ ಅದರ ಮೇಲೆ ಕನ್ನಡ ಅಕ್ಷರ. ಯಾವುದೋ ಅಕ್ಕಿ ಮಂಡಿಯದು. ಹೆಸರು ಅಳಿಸಿಹೋಗಿ ಕೆಳಗಿನ 'ಹುಬ್ಬಳ್ಳಿ' ಮಾತ್ರ ಉಳಿದಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಗಂಡನನ್ನು ಕೂಗಿ ಕರೆದು ತೋರಿಸಿದೆ. "ನಿಮ್ಮೂರಿನ ಚೀಲ ನಿನಗಿಂತ ಮುಂಚೆ ಬಂದು ಕೂತಿದೆ ನೋಡು" ಎಂದು ಅವರು ನಕ್ಕರು. ಬೇಸಿಗೆ ಬರುತ್ತಿದ್ದಂತೆ ಹಾಲಿನವಳಿಂದ ಒಂದು ಹೊರೆ ಭತ್ತದ ಹುಲ್ಲು ತರಿಸಿಕೊಂಡೆ. ಸಂತೆಯಿಂದ ಅಗ್ಗದ ಹಸಿರು ಕಾಯಿ ತಂದೆ. ಹುಲ್ಲು ಹಾಸಿ, ಕಾಯಿ ಜೋಡಿಸಿ, ಮೇಲೆ ಮತ್ತೆ ಹುಲ್ಲು ಹರಡಿ, ಆ ಚೀಲವನ್ನೇ ಹೊದಿಸಿದೆ.

ಪಕ್ಕದ ಮನೆಯವಳನ್ನು ನಾನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆ; ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳು. ಗಂಡ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದ. ಮಗಳು ಮದುವೆಯಾಗಿ ಕೊಲ್ಲಂನಲ್ಲಿದ್ದಳು. ನಾವು ಬಂದ ದಿನ ಚಹಾ ಕಳಿಸಿದವಳು, ನನ್ನ ಮುರುಕು ಮಲಯಾಳಕ್ಕೆ ನಗದೆ ಉತ್ತರ ಕೊಡುತ್ತಿದ್ದವಳು ಇವಳೊಬ್ಬಳೇ. ಹಾಗಾಗಿ ಮೊದಲ ಹಣ್ಣು ಮಾಗಿದಾಗ ಒಂದು ತಟ್ಟೆಯಲ್ಲಿಟ್ಟುಕೊಂಡು ಬೇಲಿಯ ಹತ್ತಿರ ಹೋಗಿ ಕರೆದೆ. ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ತಟ್ಟೆ ನೋಡಿದಳು. ಆಮೇಲೆ ನನ್ನ ಹಿಂದೆ ತೆರೆದಿದ್ದ ಚಾಯ್ಪಿನ ಬಾಗಿಲು ನೋಡಿದಳು. ಅಲ್ಲಿಂದ ಹುಲ್ಲೂ ಚೀಲವೂ ಕಾಣುತ್ತಿದ್ದವು. ಅವಳ ಮುಖದಿಂದ ನಗು ಇಳಿದುಹೋಯಿತು.

"ಆ ಮುರಿಯಿಲೆ ಮಾಂಗ ಎನಿಕ್ಕು ವೇಂಡ, ಮೋಳೆ" ಎಂದಳು. ಆ ಕೋಣೆಯ ಮಾವು ನನಗೆ ಬೇಡ, ಮಗಳೇ.

ಹಾಗೆಂದವಳು ತಿರುಗಿ ನೋಡದೆ ಒಳಗೆ ಹೋದಳು. ನಾನು ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ನಾವು ಪರವೂರಿನವರು, ಏನು ಕಟ್ಟುಪಾಡು ಮುರಿದೆವೋ ಎಂದು ಮನಸ್ಸಿಗೆ ಬಹಳ ಹತ್ತಿಕೊಂಡಿತು.

ಅದಾಗಿ ಸ್ವಲ್ಪ ದಿನಕ್ಕೆ ಶಾಲೆಯಿಂದ ಬಂದ ಮಗಳು ಚೀಲ ಬಿಸಾಡಿ, "ಅಮ್ಮಾ, ಆಂಟಿಕ್ಕು ಕನ್ನಡ ಅರಿಯಾಂ!" ಎಂದಳು. ನಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಮಲಯಾಳ. ಪಕ್ಕದ ಮನೆಯ ಆಂಟಿಗೆ ಕನ್ನಡ ಬರುತ್ತದೆ ಎನ್ನುತ್ತಿದ್ದಳು.

"ಯಾರು ಹೇಳಿದ್ದು ನಿನಗೆ?"

ಪೇರಲೆ ಹಣ್ಣು ಕೇಳಲು ಹೋಗಿದ್ದಳಂತೆ. ಇನ್ನೂ ಕಾಯಿ ಎನ್ನುತ್ತ ಚೇಚಿ ಇವಳ ಕೆನ್ನೆ ಸವರಿ, "ನಾಳೆ ಬಾ" ಎಂದಳಂತೆ.

"ಅವರ ಭಾಷೆಯಲ್ಲೂ ಅದು ಹಾಗೇ ಅಲ್ಲವೇನೇ? ನಾಳೆ ವಾ."

"'ವಾ' ಅಲ್ಲಮ್ಮಾ. 'ಬಾ' ಅಂದಳು. ನೀನು ಹೇಳೋ ಥರಾನೇ."

ಅಷ್ಟು ಮಾತು ಮಗಳು ಕನ್ನಡದಲ್ಲೇ ಆಡಿದ್ದಳು. ನಮ್ಮ ಕಡೆ ಮನೆಯ ಬಾಗಿಲ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದದ್ದನ್ನು ಚಿಕ್ಕವಳಿದ್ದಾಗ ಎಷ್ಟೋ ಕಡೆ ನೋಡಿದ್ದೇನೆ. ಬಾಗಿಲು ತಟ್ಟಿದ ದೆವ್ವ ಅದನ್ನು ಓದಿ ಹಿಂದಿರುಗಲಿ, ಮರುದಿನ ಬಂದು ಮತ್ತೆ ಓದಲಿ ಎಂದು. ಮೀನುಗಾರರ ಓಣಿಯಲ್ಲಿ, ಕನ್ನಡದ ಗಂಧವಿಲ್ಲದ ಹೆಂಗಸಿನ ಬಾಯಲ್ಲಿ ಅದು ಎಲ್ಲಿಂದ ಬಂತು?

ಆ ವಾರ ಚಾಯ್ಪಿಗೆ ಹೋಗುವುದೆಂದರೆ ನನಗೆ ಹಿಂಜರಿಕೆ. ಕಾಯಿ ಮೆತ್ತಗಾದಂತೆ ಹುಲ್ಲು ಕುಸಿದು ಸರಸರ ಸದ್ದು ಮಾಡುತ್ತದೆ, ಅದು ಗೊತ್ತಿದ್ದದ್ದೇ. ಆದರೂ ಮಧ್ಯಾಹ್ನ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಆ ಸದ್ದು ಕೇಳಿದರೆ, ಯಾರೋ ಒಳಗೆ ಮಗ್ಗುಲು ಬದಲಿಸಿದರೇನೋ ಎನ್ನಿಸುತ್ತಿತ್ತು. ಹಣ್ಣಿನ ವಾಸನೆ ಗೋಡೆ ದಾಟಿ ಮಲಗುವ ಕೋಣೆಗೂ ಬರುತ್ತಿತ್ತು. ಮೊದಲೆಲ್ಲ ಬಾಯಲ್ಲಿ ನೀರೂರಿಸುತ್ತಿದ್ದ ವಾಸನೆ ಈಗ ಎದೆಯ ಮೇಲೆ ಬಂದು ಕೂತಂತೆ ಭಾರ. ಕೊನೆಗೆ ತಡೆಯಲಾರದೆ ಒಂದು ಮಧ್ಯಾಹ್ನ ಚೇಚಿಯ ಮನೆಗೇ ಹೋದೆ. ಅವಳು ಹಿತ್ತಲಿನ ನೆರಳಿನಲ್ಲಿ ಕೂತು ಬಲೆಯ ಹರುಕು ಹೆಣೆಯುತ್ತಿದ್ದಳು.

"ಚೇಚಿ, ನಾಳೆ ಬಾ ಅನ್ನುವುದನ್ನು ಎಲ್ಲಿ ಕಲಿತಿರಿ?"

ಅವಳು ತಲೆ ಎತ್ತಲಿಲ್ಲ. ಕೈ ಮಾತ್ರ ನಿಂತಿತು. "ಕುಳಿತುಕೋ ಮೋಳೆ" ಎಂದಳು. "ನಿನಗೆ ಹೇಳಲೇಬೇಕು ಅಂತ ಇದ್ದೆ. ನೀನು ಮಗಳ ಜೊತೆ ಮಾತಾಡುವುದು ನನಗಿಲ್ಲಿಗೆ ಕೇಳಿಸುತ್ತದೆ. ಅದೇ ಮಾತು. ಅದೇ ರಾಗ."

ಅವಳು ಹೇಳಿದ್ದು ಇಷ್ಟು. ನಮಗಿಂತ ಮುಂಚೆ, ಕೆಲವು ವರ್ಷಗಳ ಹಿಂದೆ, ಆ ಮನೆಯಲ್ಲಿ ಕರ್ನಾಟಕದ ಒಬ್ಬ ಗಂಡಸು ಇದ್ದ. ಮಧ್ಯವಯಸ್ಸು ದಾಟುತ್ತಿದ್ದವನು, ಮದುವೆಯಾಗಿರಲಿಲ್ಲ. ಹತ್ತಿರದಲ್ಲೇ ಯಾವುದೋ ಕೆಲಸ. ಮಲಯಾಳ ಅವನಿಗೆ ಕೊನೆಯವರೆಗೂ ಬರಲಿಲ್ಲ. ಚೇಚಿಗೆ ಅವನ ಮಾತು ಬರುತ್ತಿರಲಿಲ್ಲ. ಆದರೂ ಬೇಲಿಯ ಆಚೆ ಈಚೆ ನಿಂತು ಇಬ್ಬರೂ ಕೈಸನ್ನೆಯಲ್ಲಿ ಬೇಕಾದಷ್ಟು ಹರಟುತ್ತಿದ್ದರು. ಪ್ರತಿ ಬೇಸಿಗೆಯಲ್ಲೂ ಅವನು ಹಸಿರು ಮಾವು ತಂದು ಆ ಕೋಣೆಯಲ್ಲಿ ಹುಲ್ಲಿಗೆ ಹಾಕುತ್ತಿದ್ದ. ಆಗ ಚೇಚಿಯ ಮಗಳು ಇನ್ನೂ ಶಾಲೆಗೆ ಹೋಗುವವಳು. ದಿನಾ ಬೇಲಿ ಹತ್ತಿ ಹಣ್ಣಾಯಿತೇ ಎಂದು ಕೇಳುವಳು. ಅವನು ದಿನಾ ನಗುತ್ತ "ನಾಳೆ ಬಾ" ಎನ್ನುವನು. ಆ ಮಾತು ಚೇಚಿಯ ಮನೆಯಲ್ಲೇ ತಮಾಷೆಯಾಗಿ ಉಳಿದುಬಿಟ್ಟಿತ್ತು.

"ಒಂದು ಮಧ್ಯಾಹ್ನ ಬುಟ್ಟಿ ಬಿದ್ದ ಸದ್ದು" ಎಂದಳು ಚೇಚಿ. "ಮಾಂಗ ಉರುಳಿದ್ದೂ ಕೇಳಿಸಿತು. ಕೂಗಿದೆ. ಉತ್ತರವಿಲ್ಲ. ಬೇಲಿ ದಾಟಿ ಓಡಿದೆ. ಹುಲ್ಲಿನ ಮೇಲೆ ಬೋರಲು ಬಿದ್ದಿದ್ದ. ಮುಖ ಒಂದು ಮಗ್ಗುಲಿಗೆ. ಕಣ್ಣು ತೆರೆದಿತ್ತು, ನನ್ನನ್ನು ನೋಡಿದ. ಮಗಳನ್ನು ಆಟೋ ಕರೆಯಲು ಓಡಿಸಿದೆ."

"ಆಮೇಲೆ?"

"ಆಮೇಲೆ ಏನು, ಪಕ್ಕದಲ್ಲಿ ಕೂತೆ. ಬಿದ್ದವರನ್ನು ಅಲುಗಿಸಬಾರದು ಅಂತ ಯಾರೋ ಹೇಳಿದ್ದು ತಲೆಯಲ್ಲಿತ್ತು. ಕೈ ಹಿಡಿದುಕೊಂಡೆ. ತುಟಿಗೆ ನೀರು ಹಚ್ಚಿದೆ. ಅವನು ಒಂದು ಮಾತು ಹೇಳಿದ. ನನಗೆ ತಿಳಿಯಲಿಲ್ಲ. ಮತ್ತೆ ಹೇಳಿದ. ನಾನು ಆಗಲಿ, ಆಗಲಿ ಅಂತ ತಲೆ ಆಡಿಸಿದೆ. ಆಟೋ ಬರುವಷ್ಟರಲ್ಲಿ ಹೋಗಿದ್ದ. ಆಸ್ಪತ್ರೆಯಲ್ಲಿ ಹೃದಯ ಅಂದರು."

ಅವಳು ಬಲೆಯನ್ನು ಮಡಿಲಿನಿಂದ ಕೆಳಗಿಟ್ಟಳು. ನನ್ನ ಕಡೆ ತಿರುಗಿ ಕೂತಳು.

"ಆ ಮಾತು ಮರೆತಿಲ್ಲ ಮೋಳೆ. ಪ್ರತಿ ವರ್ಷ ಚರ್ಚಿನಲ್ಲಿ ಅವನ ಹೆಸರಲ್ಲಿ ಮೊಂಬತ್ತಿ ಹಚ್ಚುವಾಗ ಒಳಗೊಳಗೇ ಹೇಳಿಕೊಳ್ಳುತ್ತೇನೆ, ಮರೆತುಹೋಗದಿರಲಿ ಅಂತ. ಕೊನೆಯಲ್ಲಿ 'ಶರಿ' ಅಂತಿತ್ತು. ಸರಿ ಅಂದನೋ ಏನೋ. ನಿನ್ನ ಭಾಷೆ ಅದು, ನೀನು ಹೇಳು. ಹೊಳ್ಳಶರಿ. ಹೊಳ್ಳಶರಿ."

ಅವಳ ಬಾಯಲ್ಲಿ ಅದು ಅರ್ಧ ಪ್ರಾರ್ಥನೆಯಂತೆ ಬಂತು. ಒಂದು ಕ್ಷಣ ನನಗೂ ತಿಳಿಯಲಿಲ್ಲ. ಮತ್ತೊಮ್ಮೆ ಹೇಳಿಸಿದೆ. ಮೂರನೆಯ ಸಲ ಕೇಳಿದಾಗ ಮಾತಿನ ಮೈಮೇಲಿದ್ದ ಮಲಯಾಳ ಕಳಚಿ ಬಿದ್ದು, ಒಳಗಿನ ಧಾರವಾಡ ಕಂಡಿತು.

ಹೊಳ್ಳಸ್ರಿ.

ತಿರುವಿ ಹಾಕಿ ಎಂದು ಅರ್ಥ. ತವೆಯ ಮೇಲಿನ ರೊಟ್ಟಿ ಸೀಯುವಾಗ ನಮ್ಮ ಮನೆಯಲ್ಲಿ ಆಡುವ ಮಾತು. ಹುಲ್ಲಿನಲ್ಲಿಟ್ಟ ಮಾವು ಒಂದೇ ಮಗ್ಗುಲಲ್ಲಿ ಕೂತು ಕೆಡಬಾರದೆಂದು ಅವ್ವ ನನಗೆ ದಿನಾ ಹೇಳುತ್ತಿದ್ದ ಮಾತು. ಹಾಸಿಗೆ ಹಿಡಿದವರನ್ನು ಮಗ್ಗುಲಿಗೆ ಹೊರಳಿಸುವಾಗಲೂ ಅದೇ ಮಾತು. ಮೈಸೂರಿನವರ ಜೊತೆ ಸಂಸಾರ ಮಾಡಿ, ಮಲಯಾಳದ ನಡುವೆ ವರ್ಷಗಟ್ಟಲೆ ಇದ್ದು, ಅದನ್ನು ನಾನೇ ಬಿಟ್ಟುಬಿಟ್ಟಿದ್ದೆ.

ಬೋರಲು ಬಿದ್ದ ಮನುಷ್ಯ, ಉಸಿರು ಸಿಕ್ಕದೆ, ಪಕ್ಕದಲ್ಲಿ ಕೂತವಳ ಮುಖ ನೋಡಿ, ಹೊಳ್ಳಸ್ರಿ ಎನ್ನುತ್ತಿದ್ದಾನೆ. ಅವಳು ಕೈ ಹಿಡಿದುಕೊಂಡು ಆಗಲಿ, ಆಗಲಿ ಎನ್ನುತ್ತಿದ್ದಾಳೆ.

ಇದು ನನ್ನ ಕಣ್ಣ ಮುಂದೆ ಬಂತು. ಚೇಚಿ ನನ್ನ ಬಾಯನ್ನೇ ನೋಡುತ್ತಿದ್ದಳು. ಯೋಚಿಸಲು ನನಗೆ ಹೊತ್ತಿರಲಿಲ್ಲ, ತಡ ಮಾಡಿದ್ದರೆ ತಡವೇ ಎಲ್ಲವನ್ನೂ ಹೇಳಿಬಿಡುತ್ತಿತ್ತು.

"ಮಾಂಗದ ಮಾತು ಚೇಚಿ" ಎಂದೆ. "ಮಾವಿನಕಾಯಿ ತಿರುವಿ ಹಾಕಿ ಅಂತ ಹೇಳಿದ್ದಾರೆ. ಇಲ್ಲದಿದ್ದರೆ ಕೊಳೆಯುತ್ತವಲ್ಲ, ಅದಕ್ಕೆ."

"ಮಾಂಗಯೋ?"

"ಹೂಂ. ಮಾಂಗ."

ಅವಳು ನನ್ನನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಸುರಿಯಿತು. "ಪಾವಂ" ಎಂದಳು, ಪಾಪದ ಮನುಷ್ಯ. "ಸಾಯುವಾಗಲೂ ಮಾಂಗದ ಚಿಂತೆ. ನಾನು ಏನೇನೋ ಅಂದುಕೊಂಡಿದ್ದೆ. ತಾಯಿಯನ್ನು ಕರೆದನೋ, ನನ್ನನ್ನು ಬೈದನೋ ಅಂತ. ಆಮೇಲೆ ಯಾರೂ ತಿರುವಿ ಹಾಕಲಿಲ್ಲ ಮೋಳೆ. ಎಲ್ಲ ಕೊಳೆತುಹೋದವು. ಮನೆಯ ಯಜಮಾನರೇ ಬಂದು ಬಳಿದು ಹಾಕಿಸಿದರು. ಆ ವಾಸನೆಗೇ ಆಮೇಲೆ ಯಾರೂ ಬಾಡಿಗೆಗೆ ನಿಲ್ಲಲಿಲ್ಲ."

ಹಾಗೆಂದವಳು ಎದ್ದಳು. ಮುಂಡಿನ ತುದಿಯಿಂದ ಮುಖ ಒರೆಸಿಕೊಂಡು ಸೀದಾ ನಮ್ಮ ಹಿತ್ತಲಿಗೆ ನಡೆದಳು. ನಾನು ಹಿಂದೆ ಹೋದೆ. ಚಾಯ್ಪಿನ ಹೊಸ್ತಿಲಲ್ಲಿ ನಿಂತು ಶಿಲುಬೆ ಗುರುತು ಮಾಡಿಕೊಂಡಳು. ಆಮೇಲೆ ಒಳಗೆ ಹೋಗಿ ಮಂಡಿಯೂರಿ, ಚೀಲ ಸರಿಸಿ, ಹುಲ್ಲಿನೊಳಗೆ ಕೈ ತೂರಿಸಿ, ಒಂದೊಂದೇ ಕಾಯಿಯನ್ನು ಹುಡುಕಿ ತಿರುವಿ ಹಾಕಿದಳು. ತಿರುವುವಾಗಲೆಲ್ಲ ತುಟಿ ಅಲುಗುತ್ತಿತ್ತು. ಮುಗಿದ ಮೇಲೆ ಮೆತ್ತಗಾದ ಎರಡನ್ನು ಆರಿಸಿ, ಅಲ್ಲೇ ಹೊಸ್ತಿಲ ಮೇಲೆ ಕೂತು ಒಂದರ ತೊಟ್ಟು ಕಚ್ಚಿ ತಿಂದಳು. ರಸ ಮೊಣಕೈವರೆಗೆ ಇಳಿಯಿತು. ಇನ್ನೊಂದನ್ನು ನನಗೆ ಕೊಟ್ಟಳು. ಅವಳು ನೋಡುತ್ತಿದ್ದಳೆಂದು ನಾನೂ ತಿಂದೆ.

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ, "ಮಾವಿನಕಾಯಿದೇ ಇರಬಹುದಲ್ವ?" ಎಂದರು.

"ಇರಬಹುದು."

"ತಿರುಗಿಸಿದ್ದರೂ ಉಳೀತಿದ್ದ ಅಂತ ಯಾರು ಹೇಳ್ತಾರೆ? ನೀನು ಹೇಳಿದ್ದು ಸುಳ್ಳಲ್ಲ ಬಿಡು."

ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ನಿಜವೆಂದು ಗೊತ್ತಿರಲಿಲ್ಲ, ಅಷ್ಟೆ. ಅಂದಿನಿಂದ ಚೇಚಿ ಹಗುರಾದಳು. ಬೇಲಿಯ ಆಚೆ ಅವಳು ಹಾಡಿಕೊಳ್ಳುವುದು ಕೇಳಿಸುತ್ತಿತ್ತು. ಕೋಣೆಗೆ ಹೋಗಿ ಕಾಯಿ ತಿರುವಿ ಹಾಕುವಾಗ, ಕೈಗೆ ಸಿಕ್ಕ ಪ್ರತಿ ಕಾಯಿಯಲ್ಲೂ ಒಂದು ಕೆನ್ನೆ ಸಿಕ್ಕಂತಾಗಿ ಬೆವರುತ್ತಿದ್ದವಳು ನಾನು.

ಆದರೆ ಚೇಚಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಅವನ ಸಾಮಾನು ಒಯ್ಯಲು ಅವನ ಅಕ್ಕನ ಗಂಡ ಬಂದಿದ್ದನಂತೆ. ಹೋಗುವಾಗ ಅಕ್ಕನ ಫೋನ್ ನಂಬರನ್ನು ಚೇಚಿಯ ಫೋನಿನಲ್ಲಿ ಹಾಕಿಕೊಟ್ಟಿದ್ದ. "ಅವನು ಒಬ್ಬನೇ ಸತ್ತ ಅಂತ ಅವರು ಅಂದುಕೊಂಡಿದ್ದಾರೆ" ಎಂದಳು ಚೇಚಿ. "ನನಗೆ ಹೇಳಲು ಬರಲಿಲ್ಲ. ನಾನಿದ್ದೆ, ಕೈ ಹಿಡಿದಿದ್ದೆ, ನೀರು ಕೊಟ್ಟೆ ಅಂತ ನೀನು ಹೇಳು ಮೋಳೆ." ಇಲ್ಲವೆನ್ನಲು ನನ್ನಿಂದಾಗಲಿಲ್ಲ. ಮರುದಿನ ಬೆಳಗ್ಗೆ ಅವಳ ಅಡುಗೆಮನೆಯಲ್ಲಿ ಕೂತು ಫೋನ್ ಮಾಡಿದೆ.

ಆ ಕಡೆ ಫೋನೆತ್ತಿದ ಹೆಂಗಸಿನ ದನಿ ನಮ್ಮ ಓಣಿಯದೇ ಎನ್ನುವಂತಿತ್ತು. ನಾನು ಯಾರು, ಎಲ್ಲಿಂದ ಮಾತಾಡುತ್ತಿದ್ದೇನೆ ಎಂದು ಹೇಳಿದೆ. ಚೇಚಿ ಹೇಳು ಎಂದದ್ದನ್ನೆಲ್ಲ ಹೇಳಿದೆ. ಕೊನೆಗೆ ಮೂಗೇರಿಸಿಕೊಂಡ ಸದ್ದು ಕೇಳಿಸಿತು.

"ಭಾಳ ಉಪಕಾರ ಆತ್ರಿ. ಯಾರೂ ಇದ್ದಿಲ್ಲ ಅಂತನ ತಿಳ್ಕೊಂಡಿದ್ವಿ ನಾವು. ಆ ಅಕ್ಕಾರಿಗೆ ನನ್ನ ನಮಸ್ಕಾರ ಹೇಳ್ರಿ." ಸ್ವಲ್ಪ ತಡೆದು, "ಏನರ ಅಂದ್ನೇನ್ರಿ ನಮ್ಮ ತಮ್ಮ?"

ಈ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತಿರಬೇಕಿತ್ತು. ಎದುರಿಗೆ ಚೇಚಿ, ಉತ್ಸಾಹದಿಂದ ತಲೆಯಾಡಿಸುತ್ತ, ಹೇಳು ಹೇಳು ಎಂದು ಸನ್ನೆ ಮಾಡುತ್ತಿದ್ದಳು. ಚೇಚಿಗಾದರೆ ಅರ್ಥ ಹೇಳಬೇಕಿತ್ತು, ಒಂದನ್ನು ಆರಿಸಿ ಹೇಳಿದ್ದೆ. ಇವಳಿಗೆ ಅರ್ಥ ಹೇಳುವ ಅಗತ್ಯವಿರಲಿಲ್ಲ. ಮಾತು ಅವಳದೇ.

"ಹೊಳ್ಳಸ್ರಿ, ಅಂದ್ರಂತ್ರಿ."

ಫೋನಿನಲ್ಲಿ ಎಲ್ಲೋ ಹಿಂದೆ ಒಂದು ಕುಕ್ಕರ್ ಸೀಟಿ ಹಾಕಿತು. ಯಾರೋ ಅವಳನ್ನು ಕರೆದರು, ಅವಳು ಓಗೊಡಲಿಲ್ಲ.

"ಹೆಂಗ ಬಿದ್ದಿದ್ನರಿ ಅಂವ?" ಎಂದಳು ಕೊನೆಗೆ.

ನಾನು ಉತ್ತರ ಕೊಡಲಿಲ್ಲ. ಕೊಡದಿದ್ದದ್ದೇ ಉತ್ತರವಾಯಿತೇನೋ.

"ಅಡಿ ಹಾಕಿದ್ದನೇನ್ರಿ, ಮಾವಿನಕಾಯಿ?" ಈ ಸಲ ದನಿ ಬೇರೆಯಾಗಿತ್ತು, ಗಟ್ಟಿಯಾಗಿ ಹಿಡಿದುಕೊಂಡು ಆಡಿದಂತೆ.

"ಹೂಂ ರೀ. ಅಲ್ಲೇ ಇದ್ವು."

"ಹಂಗಾರ ಅದನ್ನ ಅಂದಾನ. ಸಣ್ಣಾವಿದ್ದಾಗಿಂದ ಅವಂಗ ಅದರ ಹುಚ್ಚು ಭಾಳ. ಅದನ್ನ ಅಂದಾನ ಬಿಡ್ರಿ." ಒಂದೇ ಮಾತನ್ನು ಎರಡು ಸಲ ಹೇಳಿ ಫೋನ್ ಇಟ್ಟಳು.

"ಏನಂದರು?" ಎಂದು ಚೇಚಿ ನನ್ನ ತೋಳು ಹಿಡಿದು ಕೇಳಿದಳು.

"ಮಾಂಗ ಅಂದರೆ ಅವನಿಗೆ ಹುಚ್ಚು ಅಂದರು. ನಿಮಗೆ ನಮಸ್ಕಾರ ಹೇಳಿದರು."

ಚೇಚಿ ಫೋನನ್ನು ಕಣ್ಣಿಗೊತ್ತಿಕೊಂಡಳು. ಅಂದು ನಮಗೆಲ್ಲ ಅವಳ ಮನೆಯಲ್ಲೇ ಊಟ.

ಆ ಅಕ್ಕನ ಜೊತೆ ಮತ್ತೆ ನಾನು ಮಾತಾಡಿಲ್ಲ. ಅವಳೂ ಫೋನ್ ಮಾಡಲಿಲ್ಲ. ಮಾಡಿದರೆ ಇಬ್ಬರೂ ಆಡಬೇಕಾದದ್ದು ಯಾವ ಮಾತೆಂದು ಇಬ್ಬರಿಗೂ ಗೊತ್ತು. ಎಲ್ಲೋ ದೂರದಲ್ಲಿ, ನಾನು ಮುಖ ನೋಡದ ಒಬ್ಬಳು, ರೊಟ್ಟಿ ಬೇಯಿಸುವಾಗ ನನ್ನ ಹಾಗೆಯೇ ಒಂದು ಕ್ಷಣ ಕೈ ತಡೆಯುತ್ತಾಳೆಂದು ನೆನೆದರೆ, ಹೆದರಿಕೆ ಹೋಗುವುದಿಲ್ಲ, ಆದರೆ ಒಬ್ಬಳೇ ಹೊತ್ತುಕೊಂಡಿಲ್ಲ ಎನ್ನಿಸುತ್ತದೆ.

ಮುಂದೆ ಎರಡು ಬೇಸಿಗೆ ಅದೇ ಕೋಣೆಯಲ್ಲಿ ಅಡಿ ಹಾಕಿದೆವು. ಬಿಡೋಣವೆಂದರೆ ಚೇಚಿ ಬಿಡಲಿಲ್ಲ, ಕಾಯಿ ಅವಳೇ ಆರಿಸಿ ತರುತ್ತಿದ್ದಳು. ತಿರುವಿ ಹಾಕುವ ಕೆಲಸವನ್ನು ನಾನು ಅವಳಿಗೇ ಬಿಟ್ಟೆ. ಆಮೇಲೆ ನಾವು ಊರೊಳಗಿನ ಫ್ಲ್ಯಾಟಿಗೆ ಬಂದೆವು. ಇಲ್ಲಿ ಹುಲ್ಲು ಹರಡಲು ಜಾಗವಿಲ್ಲ. ಕಾಯಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬಟ್ಟೆಯ ಬೀರುವಿನ ಕೆಳಗೆ ತಳ್ಳುತ್ತೇನೆ. ಕಾಲೇಜಿಗೆ ಹೋಗುವ ಮಗಳು ಮೂಗು ಮುಚ್ಚಿಕೊಂಡು, ತನ್ನ ಬಟ್ಟೆಯೆಲ್ಲ ಮಾಂಗದ ವಾಸನೆ ಹೊಡೆಯುತ್ತಿದೆ ಎಂದು ಗೊಣಗುತ್ತಾಳೆ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ಹಾಸಿಗೆಯ ಮೇಲೆ ಬೋರಲು ಮಲಗಿ ನಿದ್ದೆ ಹೋಗಿದ್ದಳು. ನಾನು ಹತ್ತಿರ ಹೋಗಿ ಅವಳ ಹೆಗಲು ಹಿಡಿದು ಮಗ್ಗುಲಿಗೆ ಹೊರಳಿಸಿದೆ. ಅವಳು ಕಣ್ಣು ಬಿಡದೆ, "ಎಂದಾ ಅಮ್ಮಾ?" ಎಂದು ಕೇಳಿದಳು, ಏನಮ್ಮಾ ಎಂದು. ಏನಿಲ್ಲ, ಮಲಗು ಎಂದೆ. ಅವಳ ಉಸಿರು ಸರಾಗವಾಗಿ ಆಡುವುದನ್ನು ನೋಡುತ್ತ, ಒಲೆಯ ಮೇಲೆ ಹಾಲಿಟ್ಟದ್ದೂ ಮರೆತು, ಅಲ್ಲೇ ಮಂಚದ ಅಂಚಿನಲ್ಲಿ ಕೂತಿದ್ದೆ.